ಬೆನ್ನ ಮೇಲಿನ ನಂಬರು

"ಖೋ ಕೊಟ್ಟು ಎಷ್ಟೊತ್ತಾತೇ ಮೈಲಿ, ಇನ್ನೂ ಕುಂತೇ ಇದೀಯಲ್ಲ" ಎಂದು ಕೆಂಚಮ್ಮ ಗದರಿದಳು.

ಮೈಲಮ್ಮ ಎದ್ದು ಓಡಿದಳು. ಅಷ್ಟರಲ್ಲಿ ಎದುರಾಳಿ ಹುಡುಗಿ ಕಂಬ ದಾಟಿ ತಪ್ಪಿಸಿಕೊಂಡಿದ್ದಳು. ಬೆನ್ನು ಮುಟ್ಟಿ ಖೋ ಅಂದ ಕೂಡಲೇ ಚಂಗನೆ ಏಳುವವಳು ಮೈಲಮ್ಮ. ಇವತ್ತು ಮಾತ್ರ ಪ್ರತಿ ಸಲ ಮೈ ಕುಗ್ಗಿಸಿ, ಆಮೇಲೆ ಏಳುತ್ತಿದ್ದಳು.

"ಹಿಂಗಾದ್ರೆ ಶನಿವಾರ ಹರಿಹರದೋರು ನಮ್ಮನ್ನ ಸೋಲಿಸೇ ಕಳಿಸ್ತಾರೆ."

ಕೆಂಚಮ್ಮನ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಮೈಲಮ್ಮನ ಹೊಸ ಅಂಗಿಯ ಬೆನ್ನ ಮೇಲೆ ನೀಲಿ ದಾರದ ದೊಡ್ಡ ಐದು ಮಿಂಚುತ್ತಿತ್ತು. ಅದು ಕೆಂಚಮ್ಮನ ಕಸೂತಿ. ಟೀಮಿನ ಅಂಗಿಗಳಿಗೆ ನಂಬರು ಹೇಗೆ ಹಾಕಿಸುವುದು ಎಂದು ಶಕುಂತಲಮ್ಮ ಟೀಚರ್ ಕೇಳಿದಾಗ, ಎಲ್ಲರೂ ಪೇಟೆಯ ಕೊಟ್ಟೂರಪ್ಪನ ಸ್ಕ್ರೀನ್ ಪ್ರಿಂಟ್ ಎಂದಿದ್ದರು. ಇವಳೊಬ್ಬಳು ಎದ್ದು ನಿಂತು, "ಪ್ರಿಂಟ್ ಬ್ಯಾಡ್ರಿ ಟೀಚರ್, ಗೋಣಿಚೀಲದ ಮೇಲೆ ಹಾಕ್ದಂಗೆ ಕಾಣ್ತೈತೆ. ನಾನೇ ಕಸೂತಿ ಹಾಕ್ತೀನಿ" ಎಂದಿದ್ದಳು. ಹರಿಹರದ ಹುಡುಗಿಯರು "ಯಾರು ಹಾಕಿದ್ದು?" ಎಂದು ಕೇಳಬೇಕು. ಅವಳ ಆಸೆ ಅಷ್ಟೇ; ಸೋತವರ ಅಂಗಿಯನ್ನು ಯಾರು ನೋಡುತ್ತಾರೆ?

ಆಟ ಮುಗಿದ ಮೇಲೆ ಮೈಲಮ್ಮ ನಲ್ಲಿಯ ಕೆಳಗೆ ಬಗ್ಗಿ ಮುಖ ತೊಳೆಯುತ್ತಿದ್ದಳು. ಅಂಗಿ ಮೇಲಕ್ಕೆ ಸರಿದಿತ್ತು. ಬೆನ್ನು ಕೆಂಪಗೆ ತರಚಿತ್ತು.

"ಏನೇ ಇದು? ಯಾರು ಹೊಡೆದ್ರು?"

"ಯಾರೂ ಇಲ್ಲ ಬಿಡು." ಮೈಲಮ್ಮ ಅಂಗಿ ಎಳೆದುಕೊಂಡಳು. "ಒಳಗಡೆ ದಾರದ ಗಂಟು ಅದಾವಲ್ಲ, ಖೋ ಕೊಟ್ಟಾಗ ಒತ್ತುತಾವೆ. ನೀನು ಅಷ್ಟು ಕಷ್ಟಪಟ್ಟು ಹಾಕೀಯ. ಹೆಂಗೆ ಹೇಳ್ಲಿ?"

"ನಿಂದೇ ನಾಜೂಕು ಮೈ" ಎಂದು ಕೆಂಚಮ್ಮ ಮುಖ ತಿರುಗಿಸಿ ಮನೆಗೆ ನಡೆದಳು.

ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೆಂಚಮ್ಮ ತನ್ನ ನಂಬರಿನ ಅಂಗಿ ತೊಟ್ಟು ಅವಳ ಮುಂದೆ ಬೆನ್ನು ಮಾಡಿ ಕುಳಿತಳು.

"ಅವ್ವಾ, ಬೆನ್ನಿಗೆ ಜೋರಾಗಿ ಒಂದು ಖೋ ಕೊಡು."

"ನಿನಗೇನು ತಲೆ ಕೆಟ್ಟೈತಾ?" ಎನ್ನುತ್ತಲೇ ಅವ್ವ ಹಿಟ್ಟಿನ ಕೈಯಲ್ಲಿ ಒಂದು ಕೊಟ್ಟಳು.

"ಇನ್ನೊಂದು."

ಮತ್ತೊಂದು ಬಿತ್ತು. ಮೂರನೆಯದಕ್ಕೆ ಅವ್ವ ಕೈ ಎತ್ತುವಷ್ಟರಲ್ಲೇ ಕೆಂಚಮ್ಮನ ಮೈ ತಾನಾಗಿ ಕುಗ್ಗಿತು, ಥೇಟು ಮೈಲಮ್ಮನ ಹಾಗೆ. ಅವಳು ಎದ್ದು ಕತ್ತರಿ ಹುಡುಕಿದಳು.

"ಇಷ್ಟು ಚೆಂದದ್ದನ್ನ ಯಾಕ ಬಿಚ್ಚತೀಯ?"

"ಚೆಂದ ಐತೆ, ಆಡಾಕೆ ಬರಾಂಗಿಲ್ಲ."

ಆಮೇಲೆ ಉಳಿದವರ ಅಂಗಿಗಳನ್ನೂ ಇಸಕೊಂಡು ಬಂದು, ಎಲ್ಲ ನಂಬರುಗಳನ್ನೂ ಒಂದೊಂದೇ ಎಳೆಯಾಗಿ ಬಿಚ್ಚಿದಳು. ಅಳು ಬಂತು. ಅಳುತ್ತಲೇ ಬಿಚ್ಚಿದಳು.

ಮರುದಿನ ಕೊಟ್ಟೂರಪ್ಪ ಅಂಗಿಗಳನ್ನು ನೋಡಿ ನಕ್ಕ. "ಪ್ರಿಂಟ್ ಬ್ಯಾಡ ಅಂದಾಕಿ ನೀನೇ ಅಲ್ಲೇನವ್ವ?"

"ಹೌದ್ರಿ. ಈಗ ಬೇಕ್ರಿ. ಶನಿವಾರದೊಳಗೆ ಒಣಗಬೇಕು."

"ಸೂಜಿ ತೂತು ಕಾಣ್ತಾವೆ ಮತ್ತೆ."

"ಕಾಣ್ಲಿ ಬಿಡ್ರಿ."

ಅವನು ತೆಳು ಬಟ್ಟೆ ಬಿಗಿದ ಚೌಕಟ್ಟನ್ನು ಅಂಗಿಯ ಮೇಲಿಟ್ಟು, ನೀಲಿ ಬಣ್ಣ ಸುರಿದು, ರಬ್ಬರಿನ ಪಟ್ಟಿಯಿಂದ ಒಮ್ಮೆ ಎಳೆದ. ಚೌಕಟ್ಟು ಎತ್ತಿದರೆ ಐದು ಕೂತಿತ್ತು. ಒಣಗಿದ ಮೇಲೆ ಕೆಂಚಮ್ಮ ಒಳಗಡೆ ಅಂಗೈ ಆಡಿಸಿ ನೋಡಿದಳು. ಎಲ್ಲೂ ಏನೂ ಚುಚ್ಚಲಿಲ್ಲ.

ಶನಿವಾರ ಹರಿಹರದ ಮೈದಾನದಲ್ಲಿ ಎದುರು ಟೀಮಿನ ಹುಡುಗಿಯೊಬ್ಬಳು ಹತ್ತಿರ ಬಂದಳು. "ನಿಮ್ಮ ನಂಬರು ಚೆಂದ ಅದಾವೆ. ಯಾರು ಹಾಕಿದ್ದು?"

ಕೆಂಚಮ್ಮ ಹೇಳಿಯೇಬಿಟ್ಟಳು: "ಕೊಟ್ಟೂರಪ್ಪ ಅಂತ, ನಮ್ಮ ಪೇಟೇಲಿ ಅದಾರೆ."

ಸೀಟಿ ಕೇಳಿತು. ಕೆಂಚಮ್ಮ ಅಟ್ಟಿಸಿಕೊಂಡು ಹೊರಟಳು. ಎದುರಾಳಿ ಸಾಲಿನ ಆಚೆ ಕಡೆ ನುಸುಳಿದಳು. ಮುಂದೆ ಮೈಲಮ್ಮನ ಬೆನ್ನಿತ್ತು. ನೀಲಿ ಐದರ ಸುತ್ತ ಸಣ್ಣ ಸಣ್ಣ ಸೂಜಿ ತೂತುಗಳು ಅವಳಿಗೆ ಮಾತ್ರ ಕಂಡವು. ಅಲ್ಲೇ ಅಂಗೈ ಊರಿ "ಖೋ" ಎಂದಳು.

ಕೈ ತೆಗೆಯುವ ಮೊದಲೇ ಮೈಲಮ್ಮ ಅಲ್ಲಿರಲಿಲ್ಲ. ಅವಳು ಬಿಟ್ಟುಹೋದ ಜಾಗದಲ್ಲಿ ಕೆಂಚಮ್ಮ ಕುಳಿತು, ತನ್ನ ಬೆನ್ನಿಗೆ ಬೀಳುವ ಖೋಗಾಗಿ ಕಾಯತೊಡಗಿದಳು.