ಕಟ್ಟು ಬಿಚ್ಚಿದ ಲೆನ್ಸು

“ಆ ದಾರ ಮಾತ್ರ ಬಿಚ್ಚಬೇಡಮ್ಮ,” ಎಂದಳು ಅಜ್ಜಿ. ಮಾರಿದ ಸ್ಟುಡಿಯೋದ ಕೀಲಿಕೈ ಕೊಡಲು ಬಂದವಳು, ಹೊಸಬಳಿಗೆಂದು ಫ್ಲಾಸ್ಕಿನಲ್ಲಿ ಚಹಾನೂ ತಂದಿದ್ದಳು. ಗಾಜಿನ ಬೀರುವಿನಲ್ಲಿ ಅವಳ ಗಂಡನ ಹಳೆಯ ಲೆನ್ಸು. ಅದರ ಬುಡಕ್ಕೆ ಬಿಗಿಯಾಗಿ ಸುತ್ತಿದ ಕಪ್ಪು ದಾರ.

“ಹೊಟ್ಟೆಕಿಚ್ಚಿಗೆ ಯಾರೋ ಮಾಟ ಮಾಡಿಸಿದ್ರು. ಅದು ನೋಡಿದವರ ಕಣ್ಣು ತಿನ್ನುತ್ತೆ. ನನ್ನ ಮಗನದು ಹೋಗಿತ್ತು. ಅದರೊಳಗೆ ಕಣ್ಣಿಟ್ಟು, ನನ್ನದು ತಗೋ ಅಂದೆ. ಅವನದು ಬಿಟ್ಟುಕೊಡ್ತು.” ಅವಳ ಎಡಗಣ್ಣು ಹಾಲಿನಂತೆ ಬೆಳ್ಳಗಿತ್ತು.

ಸ್ಟುಡಿಯೋ ಕೊಂಡ ಫೋಟೋಗ್ರಾಫರ್ ನಕ್ಕಳು. “ಅದು ಪೊರೆ, ಅಜ್ಜಿ! ಸಣ್ಣ ಆಪರೇಷನ್. ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ.”

“ಹೋಗೋಣಂತೆ. ಚಹಾ ಆರುತ್ತೆ, ಕುಡಿ.”

ಮರುದಿನ ಮಧ್ಯಾಹ್ನ ಫೋಟೋಗ್ರಾಫರ್ ಲೆನ್ಸನ್ನು ಕೆಳಗಿಳಿಸಿದಳು. ಹಳೆಯ ಲೆನ್ಸು ಡಿಜಿಟಲ್ ಕ್ಯಾಮೆರಾಗೆ ನೇರವಾಗಿ ಕೂರುವುದಿಲ್ಲ. ನಡುವೆ ಅಡಾಪ್ಟರ್ ಬಳೆ ಬೇಕು. ಬಳೆ ದಾರಕ್ಕೆ ತಾಗಿ ನಿಂತಿತು. ಕೂದಲೆಳೆಯಷ್ಟು ಅಡ್ಡಿ. ಬ್ಲೇಡು ಎಳೆದಳು. ದಾರ ಕಳಚಿ ಬಿತ್ತು. ಸುಟ್ಟ ಕೂದಲಿನ ವಾಸನೆ ಗಪ್ಪನೆ ಮೂಗಿಗಡರಿತು.

ಕ್ಯಾಮೆರಾದ ಪರದೆ ‘ಲೆನ್ಸ್ ಇಲ್ಲ’ ಎಂದಿತು. ಹಳೆಯ ಲೆನ್ಸುಗಳ ಗುರುತು ಹೊಸ ಕ್ಯಾಮೆರಾಗೆ ಹತ್ತುವುದಿಲ್ಲ, ಅವಳಿಗೆ ಗೊತ್ತಿದ್ದದ್ದೇ. ಲೆನ್ಸ್ ಇಲ್ಲದಿದ್ದರೂ ಫೋಟೋ ತೆಗೆ ಎಂದು ಸೆಟ್ಟಿಂಗ್ ಬದಲಿಸಿ, ಗೊಂಬೆ ಹಿಡಿದಿದ್ದ ತನ್ನ ಪುಟ್ಟ ಮಗಳನ್ನು ಸ್ಟೂಲಿನ ಮೇಲೆ ಕೂರಿಸಿದಳು.

“ಅಲ್ಲಾಡಬೇಡ ಪುಟ್ಟಿ.”

“ಗೊಂಬೆ ಅಲ್ಲಾಡ್ತಿದೆ, ನಾನಲ್ಲ.”

ಫೋಕಸ್ ತಿರುಗಿಸಿದಳು. ಮೂಗು ಸ್ಪಷ್ಟ. ತುಟಿ ಸ್ಪಷ್ಟ. ಕಣ್ಣಿದ್ದಲ್ಲಿ ಮಾತ್ರ ಮಂಜು. ಇನ್ನಷ್ಟು ತಿರುಗಿಸಿದಳು. ಲೆನ್ಸು ಅವಳ ಬೆರಳಿನ ವಿರುದ್ಧ ತಾನೇ ತಿರುಗಿತು. ಮಂಜುಗಡ್ಡೆಯಂಥ ತಣ್ಣಗಿನ ಲೋಹ.

ಕ್ಲಿಕ್.

ಅವಳು ಒತ್ತಿರಲಿಲ್ಲ.

“ಅಮ್ಮಾ, ಲೈಟ್ ಯಾಕೆ ಆರಿಸ್ದೆ?”

ಮಗುವಿನ ಮಡಿಲ ತುಂಬ ಬಿಸಿಲಿತ್ತು. ಕಣ್ಣುಗಳೆರಡೂ ಹಾಲಿನಂತೆ ಬೆಳ್ಳಗೆ.

ಪರದೆ ನೋಡಿದಳು. ಮುಖವಿಲ್ಲ. ಕತ್ತಲು. ಕತ್ತಲಲ್ಲಿ ಎರಡು ಪುಟ್ಟ ಕಣ್ಣು. ರೆಪ್ಪೆ ಬಡಿದವು.

ಲೆನ್ಸು ತಿರುಚಿದಳು. ಬರಲಿಲ್ಲ. ಮತ್ತೆ ತಿರುಚಿದಳು. ಉಗುರು ಕಿತ್ತುಬಂತು. ಮಗು ಗಾಳಿಯಲ್ಲಿ ಕೈಯಾಡಿಸುತ್ತ ಸ್ಟೂಲಿನಿಂದ ಬಿತ್ತು. “ಅಮ್ಮಾ! ಎಲ್ಲಿದೀಯ?” ಲೆನ್ಸು ಕಳಚಿತು. ತನ್ನ ಬಲಗಣ್ಣಿಗೆ ಒತ್ತಿ ಹಿಡಿದಳು. ಫೋಟೋ ತೆಗೆಯುವ ಕಣ್ಣು. ಅನ್ನ ಕೊಡುವ ಕಣ್ಣು.

“ನನ್ನದು ತಗೋ.”

ಒಳಗಿನಿಂದ ಏನೋ ಚಪ್ಪರಿಸಿತು.

“ಅಮ್ಮಾ, ನಿನ್ನ ಕಣ್ಣು ಯಾಕೆ ಬೆಳ್ಳಗಾಗಿದೆ?” ಮಗಳು ಅವಳನ್ನೇ ನೋಡುತ್ತಿದ್ದಳು.

ಸಂಜೆ ಇನ್ನೊಂದು ಫ್ಲಾಸ್ಕಿನಲ್ಲಿ ಚಹಾ ತಂದ ಅಜ್ಜಿ ಒಂದು ಮಾತೂ ಬೈಯಲಿಲ್ಲ. ಹೊಸ ದಾರ ಸುತ್ತಿ, ಲೆನ್ಸನ್ನು ಬೀರುವಿನಲ್ಲಿಟ್ಟು, ಚಹಾ ಬಗ್ಗಿಸಿದಳು. ಲೋಟಕ್ಕೆ ಚಾಚಿದ ಫೋಟೋಗ್ರಾಫರಳ ಕೈ ಗಾಳಿ ಹಿಡಿಯಿತು.

“ಒಂದೇ ಕಣ್ಣಲ್ವಾ, ಮೊದಮೊದಲು ಹೀಗೇ. ಲೋಟ ಕಂಡದ್ದಕ್ಕಿಂತ ಸ್ವಲ್ಪ ಆಚೆ ಇರುತ್ತೆ.” ಅಜ್ಜಿ ಅವಳ ಬೆರಳು ಹಿಡಿದು ಲೋಟಕ್ಕೆ ಮುಟ್ಟಿಸಿದಳು. “ಆಸ್ಪತ್ರೆಗೆ ಈಗ ಯಾರು ಯಾರನ್ನ ಕರ್ಕೊಂಡು ಹೋಗೋದು?”

ಉತ್ತರಿಸಲೆಂದು ಅವಳು ತಲೆಯೆತ್ತಿದಳು. ಬೀರುವಿನಲ್ಲಿ, ಲೆನ್ಸಿನ ಗಾಜಿನ ಹಿಂದೆ, ಅವಳದೇ ಬಲಗಣ್ಣು ಮಗಳನ್ನು ನೋಡುತ್ತಿತ್ತು.