ಹೆಸರು ಕಲಿತ ಕಲ್ಲು

"ಬಂಡೇಲಿ ಕಚ್ಚಿಕೊಂಡಿರೋ ನಾಲಿಗೆಕಲ್ಲನ್ನ ಕೀಳಬೇಡ. ಕಿತ್ತರೂ ಬಾಯಿ ಮುಚ್ಕೊಂಡು ಕೀಳು. ಅದರ ಮುಂದೆ ಯಾರ ಹೆಸರನ್ನೂ ಎತ್ತಬೇಡ," ಎಂದ ಮುದುಕ ಗ್ರೆಟ್ಸಿಯು. "ಅದು ಕಡಲಿನ ನಾಲಿಗೆ ಕಣಯ್ಯಾ. ಕೇಳಿಸ್ಕೊಂಡ ಹೆಸರನ್ನ, ಕೂಗಿದವನ ದನೀಲೇ ಕರೀತದೆ."

ಅಳಿಯ ವಿಸ್ತಿನ್ ಬ್ರೆಡ್ಡಿಗೆ ಟೊಮೇಟೊ ಉಜ್ಜುತ್ತ ನಕ್ಕ. "ನಾಲಿಗೆಯಲ್ಲ ಮಾವ, ಹಲ್ಲು. ಹಿಂದಿನ ಕಾಲದ ರಾಕ್ಷಸ ಶಾರ್ಕಿಂದು."

"ಹಲ್ಲಾದ್ರೆ ಇನ್ನೂ ಕೆಟ್ಟದಲ್ವೇನೋ, ಪೆದ್ದಾ!"

ಮದುವೆಯಾದ ಮೇಲೆ ವಲೆಟ್ಟಾ ನಗರ ಬಿಟ್ಟು ಗೋಜೋ ದ್ವೀಪಕ್ಕೆ ಬಂದ ಮೇಷ್ಟ್ರು ಅವನು. ಹೆಂಡತಿ ಫಿಲುಮೆನಾಗೆ ತುಂಬು ತಿಂಗಳು. ಹುಟ್ಟಿದ ಮಗುವಿಗೆ ವಿಷ, ದೃಷ್ಟಿ ತಾಗದಂತೆ ಕೊರಳಿಗೆ ನಾಲಿಗೆಕಲ್ಲು ಕಟ್ಟುವುದು ಅಲ್ಲಿನ ವಾಡಿಕೆ. ಊರವರು ಉದುರಿ ಬಿದ್ದದ್ದನ್ನಷ್ಟೇ ಆಯುತ್ತಾರೆ. ಇವನಿಗೆ ಅಂಗೈಯಗಲದ್ದೇ ಬೇಕು. ಓದಿದವನೆಂಬ ಕೊಬ್ಬು, ಬೇರೇನಲ್ಲ.

ಮಧ್ಯಾಹ್ನದ ಬಿಸಿಲಲ್ಲಿ ಕಡಲಂಚಿನ ಹಳದಿ ಬಂಡೆ ಹತ್ತಿ ಉಳಿ ಹೊಡೆದ. ಕೆಳಗೆ ಉಪ್ಪಿನ ಪಾತಿಗಳಲ್ಲಿ ಫಿಲುಮೆನಾ ಉಪ್ಪು ಗುಡಿಸುತ್ತಿದ್ದಳು. ಕಲ್ಲು ಸಡಿಲವಾದಂತೆ ಬಿರುಕಿನಿಂದ ಕೊಳೆತ ಮೀನಿನ, ಹಸಿ ರಕ್ತದ ನಾತ ಗಪ್ಪೆಂದು ಮೂಗಿಗೆ ಬಡಿಯಿತು. ಕಪ್ಪು ಹಲ್ಲು ಕೈಗೆ ಬಂತು. ಸುತ್ತಲಿನ ಬಂಡೆ ಸುಡುತ್ತಿದ್ದರೂ ಅದು ತಣ್ಣಗಿತ್ತು. ಒದ್ದೆಯಾಗಿತ್ತು.

"ಫಿಲುಮೆನಾ! ಬಾರೇ ಇಲ್ಲಿ!" ಹಿಗ್ಗಿನಲ್ಲಿ ಕೂಗಿಯೇಬಿಟ್ಟ.

ಅವಳು ತಲೆಯೆತ್ತುವಷ್ಟರಲ್ಲಿ ಕಡಲ ಕಡೆಯಿಂದ ಅದೇ ದನಿ. "ಫಿಲುಮೆನಾ! ಬಾರೇ ಇಲ್ಲಿ!"

"ಅಲ್ಲೇನ್ರೀ ಮಾಡ್ತಿದೀರಾ?" ನಗುತ್ತ ಅವಳು ನೀರಿನತ್ತ ತಿರುಗಿದಳು. "ಈ ಹೊಟ್ಟೆ ಹೊತ್ಕೊಂಡು ನಾನು ಈಜೋದಾ? ಇರಿ, ಬಂದೆ."

ಬೇಡ ಎನ್ನಲು ವಿಸ್ತಿನ್ ಬಾಯಿ ತೆರೆದ. ದನಿಯಿಲ್ಲ. ಅವನ ನಾಲಿಗೆ ಕಲ್ಲಾಗಿತ್ತು. ಹಲ್ಲನ್ನು ಬಿಸುಟ. ಬಂಡೆಯಿಂದ ಜಾರಿ ಬಿದ್ದ. ಮಂಡಿ ಒಡೆಯಿತು. ತೆವಳಿದ. ಅವಳ ಮೊಣಕಾಲಿಗೆ ನೀರು. ಸೊಂಟಕ್ಕೆ ನೀರು. ಅಡಿಯಲ್ಲಿ ಏನೋ ಕಪ್ಪಗೆ ಹೊರಳಿತು. "ಅಪ್ಪಾ!" ಎಂದು ಚೀರಿದಳು. ಒಮ್ಮೆ. ಅಷ್ಟೇ. ನೊರೆ ಕೆಂಪಾಯಿತು.

ಚೀರಿದ್ದು ಕೇಳಿ ಗ್ರೆಟ್ಸಿಯು ಓಡಿಬಂದ. ಬಾಯಿ ತೆರೆದುಕೊಂಡು ಮೂಕನಾಗಿ ಬಿದ್ದಿದ್ದ ಅಳಿಯನನ್ನು ನೋಡಿದ. ನೀರನ್ನು ನೋಡಿದ. ಕೇಳದೆಯೇ ಎಲ್ಲ ತಿಳಿಯಿತು.

"ಅಪ್ಪಾ!" ಕಡಲು ಕರೆಯಿತು. ಮಗಳದೇ ದನಿ. "ಅಪ್ಪಾ!"

ವಿಸ್ತಿನ್ ಅವನ ಕಾಲು ತಬ್ಬಿಕೊಂಡ.

"ಬಿಡೋ. ಅದು ಅವಳಲ್ಲ ಅಂತ ನಂಗೊತ್ತಿಲ್ವಾ?" ಮುದುಕ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. "ಬಂದೆ ಮಗಳೇ," ಎಂದ. ನೀರಿಗಿಳಿದ.