ತಿಮ್ಮಿಯ ಹೆಬ್ಬೆಟ್ಟು

ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಬಂದ ಹೆಂಗಸರು ಚೀರುತ್ತ ಹೊರಗೋಡಿದರು. ಅಂಕೋಲೆಯ ಆ ಗೇರುಬೀಜ ಕಾರ್ಖಾನೆಯ ಬಾಯ್ಲರ್ ಕೋಣೆಯಲ್ಲಿ ಗುಮಾಸ್ತ ಭರತ ಬೋರಲಾಗಿ ಬಿದ್ದಿದ್ದ. ತಲೆಯ ಹಿಂಭಾಗ ಒಡೆದು ಬಿಳಿ ಎಲುಬು ಕಾಣುತ್ತಿತ್ತು. ಪಕ್ಕದಲ್ಲಿ ಕಬ್ಬಿಣದ ಸಲಿಕೆ. ಅದರ ಅಂಚಿಗೆ ರಕ್ತ, ಕೂದಲು. ಹಿಡಿಕೆಯನ್ನು ಯಾರೋ ಒರೆಸಿದ್ದರು. ಬಾಗಿಲ ಒಳಮೈಯನ್ನು ಮಾತ್ರ ಮರೆತಿದ್ದರು. ಅಲ್ಲಿ ರಕ್ತದಲ್ಲೊಂದು ಹೆಬ್ಬೆರಳ ಗುರುತು ಉಳಿದಿತ್ತು.

ಪಿಎಸ್‌ಐ ವೈಜಯಂತಿ ಮಾಲೀಕ ಕಿಶೋರನಿಗೆ ಫೋನ್ ಮಾಡಿದಳು.

"ನಾನು ನಿನ್ನೆ ಸಂಜೆಯಿಂದ ಕಾರವಾರದ ಮನೇಲೇ ಇದ್ದೇನೆ ಮೇಡಂ. ತಿಮ್ಮೀನ ಹಿಡೀರಿ. ನಿನ್ನೆ ಕೋರ್ಟಿನ ಹೊರಗೆ ಭರತನ ಅಂಗಿ ಹಿಡಿದು ಎಳೆದಾಡಿದ್ಲು. ಊರೇ ನೋಡಿದೆ."

*

ತಿಮ್ಮಿ ಹದಿನೆಂಟು ವರ್ಷ ಅದೇ ಕಾರ್ಖಾನೆಯಲ್ಲಿ ಬೀಜ ಒಡೆದವಳು. ಈಗ ಮನೆಯ ಜಗಲಿಯಲ್ಲಿ ಆರು ಹೆಂಗಸರನ್ನು ಕೂರಿಸಿಕೊಂಡು ಸ್ವಂತ ಕೆಲಸ ಶುರುಮಾಡಿದ್ದಳು. ಬಿಟ್ಟುಹೋದರೆ ಮೂರು ವರ್ಷ ಈ ಕಸುಬು ಮಾಡುವುದಿಲ್ಲವೆಂದು ಕರಾರಿಗೆ ಹೆಬ್ಬೆಟ್ಟೊತ್ತಿದ್ದಾಳೆ ಎಂದು ಕಿಶೋರ ದಾವೆ ಹೂಡಿದ್ದ. ಕರಾರಿಗೆ ಸಾಕ್ಷಿ, ಭರತ.

ವೈಜಯಂತಿ ಹೋದಾಗ ವಕೀಲೆ ನೀತಾ ಅಲ್ಲೇ ಕೂತು ದಾವೆಗೆ ಉತ್ತರ ಬರೆಯುತ್ತಿದ್ದಳು.

"ಎಳೆದಾಡಿದ್ದು ಹೌದ್ರಾ ಅಮ್ಮಾ," ತಿಮ್ಮಿ ಅಂದಳು. "ಸುಳ್ಳು ಸಾಕ್ಷಿ ಎಂತಕ್ಕೆ ಹಾಕ್ದೆ ಕೇಳ್ದೆ. ಸಂಜೆಗೆ ಅವ್ನೇ ಬಂದು ಅತ್ತಾ. ಕೋರ್ಟಲ್ಲಿ ಖರೇ ಹೇಳ್ತೆ, ಮಾಲೀಕ್ರಿಗೂ ಹೇಳೇ ಹೇಳ್ತೆ ಅಂದಾ. ಅಂಥವ್ನ ನಾ ಕೊಲ್ಲೂದಾ?"

"ನಾನೂ ಇದ್ದೆ," ನೀತಾ ಅಂದಳು. "ಕೆಲಸ ಬಿಟ್ಟವರ ಹೊಟ್ಟೆಪಾಡು ಕಟ್ಟಿಹಾಕೋ ಕರಾರು ಕಾನೂನಲ್ಲಿ ನಿಲ್ಲೂದೇ ಇಲ್ಲ. ಆದ್ರೆ ಕೊಲೆ ಆರೋಪ ಬಂದ್ರೆ ಇವಳ ಕತೆ ಮುಗೀತು."

ವೈಜಯಂತಿ ಶಾಯಿ ಪ್ಯಾಡ್ ತೆಗೆದು ತಿಮ್ಮಿಯ ಹೆಬ್ಬೆರಳು ಒತ್ತಿಸಿದಳು. ಬರೀ ಕಪ್ಪು ಮಸಿ. ಇನ್ನೊಮ್ಮೆ ಒತ್ತಿಸಿದಳು. ಒಂದು ಗೆರೆಯೂ ಮೂಡಲಿಲ್ಲ.

"ಗೇರ್ ಸಿಪ್ಪೆ ಎಣ್ಣೆ ಬೆರಳಿನ ಗೆರೆಯೆಲ್ಲಾ ತಿಂದದೆ. ರೇಶನ್ ಅಂಗಡಿ ಮಿಶನ್ನೂ ನನ್ನ ಹೆಬ್ಬೆಟ್ಟು ತಕಂಬೂದಿಲ್ಲ."

ವೈಜಯಂತಿ ನೀತಾಳ ಕೈಯಿಂದ ಕರಾರಿನ ನಕಲು ಕಿತ್ತುಕೊಂಡಳು. ಹೆಬ್ಬೆಟ್ಟಿನ ಒಂದೊಂದು ಗೆರೆಯೂ ಕೊರೆದಿಟ್ಟಂತಿತ್ತು.

*

ಮಧ್ಯಾಹ್ನ ಬೆರಳಚ್ಚು ತಜ್ಞರು ಖಚಿತಪಡಿಸಿದರು. ಕರಾರಿನ ಹೆಬ್ಬೆಟ್ಟು, ಬಾಗಿಲ ಮೇಲಿನ ಹೆಬ್ಬೆಟ್ಟು ಎರಡೂ ಒಬ್ಬರದೇ ಎಡಗೈ ಹೆಬ್ಬೆರಳಿನವು. ಸುಳ್ಳು ಕರಾರಿನಿಂದ ಲಾಭ ಯಾರಿಗೆ?

ಕಾರವಾರದ ಮನೆಯಲ್ಲಿ ಕಿಶೋರ ನಗುತ್ತಲೇ ಬಾಗಿಲು ತೆಗೆದ.

"ಎಡಗೈ ಹೆಬ್ಬೆರಳು ಕೊಡಿ."

ನಗು ಸತ್ತಿತು. ಬಾಗಿಲ ಹಿಂದಿದ್ದ ಕತ್ತಿಗೆ ಕೈಹಾಕಿ ಬೀಸಿಯೇಬಿಟ್ಟ. ಅಡ್ಡ ಬಂದ ಕಾನ್‌ಸ್ಟೇಬಲ್ ಸುಬ್ಬನ ತೋಳು ಸೀಳಿ ಗೋಡೆಗೆ ರಕ್ತ ಚಿಮ್ಮಿತು. ಎರಡನೇ ಏಟು ಬೀಳುವ ಮೊದಲೇ ವೈಜಯಂತಿಯ ಲಾಠಿ ಅವನ ಮಣಿಕಟ್ಟಿನ ಮೇಲೆ ಇಳಿಯಿತು. ಎಲುಬು ಲಟಕ್ಕೆಂದಿತು. ಕಿಶೋರ ಕೈ ಹಿಡಿದು ಕುಸಿದ.

"ಬೇರೆಯವರ ಹೆಬ್ಬೆಟ್ಟು ಒತ್ತಿಸಿದ್ರೆ ನಾಳೆ ಬಾಯಿಬಿಡ್ತಾರೆ ಅಂತ ನಿನ್ನದೇ ಒತ್ತಿದೆ," ವೈಜಯಂತಿ ಅಂದಳು. "ತಿಮ್ಮಿ ಬೆರಳಲ್ಲಿ ಗೆರೆಯೇ ಇಲ್ಲ ಅನ್ನೋದು ನಿಂಗೆ ಗೊತ್ತಿರಲಿಲ್ಲ. ಭರತ ಖರೇ ಹೇಳ್ತೇನೆ ಅಂದ. ಬೆಳಿಗ್ಗೆ ಬೇಗ ಕಾರ್ಖಾನೆಗೆ ಕರೆಸಿ ಹೊಡೆದೆ. ಮನೇಲೇ ಇದ್ದವನ ಹೆಬ್ಬೆರಳು ಅಲ್ಲಿ ರಕ್ತಕ್ಕೆ ಹ್ಯಾಗೆ ತಾಗ್ತು?"

ಪರೀಕ್ಷೆಯಲ್ಲಿ ಅವನ ಹೆಬ್ಬೆರಳೇ ಉತ್ತರ ಹೇಳಿತು.

*

ಮುಂದಿನ ತಿಂಗಳು ದಾವೆ ವಜಾ ಆಯಿತು. ಕೋರ್ಟಿನ ಮೆಟ್ಟಿಲಲ್ಲಿ ತಿಮ್ಮಿ ವೈಜಯಂತಿಯ ದಾರಿ ಕಾಯುತ್ತಿದ್ದಳು.

"ಗಂಡ ಸುಳ್ಳು ಸಾಕ್ಷಿ ಹಾಕ್ದಾ ಅಂತ ಭರತನ ಹೆಂಡ್ತಿ ನನ್ನ ಮೋರೆ ನೋಡೂಕೆ ಹೆದರ್ತದೆ ಅಮ್ಮಾ. ಅವ್ಳಿಗೆ ನೀವೇ ಹೇಳ್ರಾ. ನಮ್ಮ ಜಗಲಿಯಲ್ಲಿ ಅವ್ಳಿಗೂ ಜಾಗ ಅದೆ."